ಎಷ್ಟು ಮೆಗಾಪಿಕ್ಸೆಲ್ ಐತ್ರೀ?

ಮೊನ್ನೆ ನಾಲ್ಕು ದಿನ ರಜೆ ಹಾಕಿ ಊರ ಕಡೆ ಹೋಗಿದ್ದೆ. ಹಿರೇಕೆರೂರಿನಲ್ಲಿ ನಮ್ಮಕ್ಕನ ಮನೆ. ಅಕ್ಕನ ಮಗ ಅಲ್ಲೇ ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಪಾಸ್‌ಪೋರ್ಟ್ ಸೈಜ್ ಫೋಟೋ, ಜೆರಾಕ್ಸು, ಲ್ಯಾಮಿನೇಶನ್ನು, ಸೀಜನ್ ಬಂದರೆ ಮದುವೆ, ಮುಂಜಿವೆ, ಗೃಹಪ್ರವೇಶ. ಹುಡುಗ ಕೆಲಸದಲ್ಲಿ ಚುರುಕು. ಮುದುಕಿಯರನ್ನು ನಗಿಸಿ ಫೋಟೋ ತೆಗೆಯುವ ಕಲೆ ಅವನಿಗೆ ಒಲಿದಿದೆ. ಅದು ಎಲ್ಲರಿಗೂ ಬರುವುದಿಲ್ಲ.

ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದ.

"ಮಾಮಾ, ಹೊಸಾ ಕ್ಯಾಮೆರಾ ತಗೊಳ್ಳಾಕತ್ತೇನಿ. 45 ಮೆಗಾಪಿಕ್ಸೆಲ್. ಲೆನ್ಸ್ ಹಿಡದು ಮೂರು ಲಕ್ಷದ ಮ್ಯಾಲೆ ಆಕ್ಕೈತಿ. ಕಂತಿನ ಮ್ಯಾಲೆ ಕೊಡ್ತಾರ. ಜಾಮೀನಿಗೆ ನೀ ಒಂದ್ ಸಹಿ ಹಾಕ್ತೀಯೇನು?"

"ಈಗಿರೂ 24ರದ್ದಕ್ಕ ಏನಾಗೈತೋ?"

"ಅದಕ್ಕೇನೂ ಆಗಿಲ್ಲ. ಗಿರಾಕಿ ಬಂದ ಕೂಡ್ಲೆ ಕೇಳೂದು ಒಂದ ಮಾತು. ಎಷ್ಟು ಮೆಗಾಪಿಕ್ಸೆಲ್ ಐತ್ರೀ ಅಂತ. 24 ಅಂದ್ರ ಮಾರಿ ಸಣ್ಣದು ಮಾಡ್ತಾರ. ನನ್ನ ಮೊಬೈಲ್‌ದಾಗ 200 ಐತಲ್ಲೋ ತಮ್ಮಾ ಅಂತಾರ. ಮುಂಗಡ ಕೊಡಾಕ ತಂದ ರೊಕ್ಕ ತಿರುಗಿ ಕಿಸೆದಾಗ ಇಟಗೊಂಡು ಹೊಕ್ಕಾರ."

ನನಗೆ ರೊಟ್ಟಿ ಗಂಟಲಲ್ಲೇ ನಿಂತಿತು. ಮೂರು ಲಕ್ಷ ಎಂದರೆ ತಿಂಗಳಿಗೆ ಹತ್ತು ಸಾವಿರದ ಮೇಲೆ ಕಂತು, ಮೂರು ವರ್ಷ. ಮದುವೆ ಇದ್ದ ತಿಂಗಳು ಸರಿ. ಆಷಾಢದಲ್ಲಿ? ಕಂತಿಗೆ ಆಷಾಢ ಗೊತ್ತಿಲ್ಲ, ಶೂನ್ಯಮಾಸವೂ ಗೊತ್ತಿಲ್ಲ. ಪ್ರತಿ ತಿಂಗಳು ತಪ್ಪದೆ ಬಂದು ಬಾಗಿಲು ಬಡಿಯುತ್ತದೆ.

ಅದಕ್ಕೇ ಈ ಜಗಳದ ಬರಹ. ಜಗಳ ನನ್ನ ಅಳಿಯನ ಜೊತೆಗಲ್ಲ, ಕ್ಯಾಮೆರಾ ಮಾಡುವವರ ಜೊತೆಗೂ ಅಲ್ಲ. "ಎಷ್ಟು ಮೆಗಾಪಿಕ್ಸೆಲ್" ಎಂದು ಕೇಳುವ ನಮ್ಮ ನಿಮ್ಮಂಥವರ ಜೊತೆಗೆ. ಬೈಸಿಕೊಳ್ಳಲು ತಯಾರಿದ್ದೇನೆ, ಆದರೆ ಪೂರ್ತಿ ಓದಿ ಬೈಯಿರಿ :-)

*

"ಸಹಿ ಆಮೇಲೆ ನೋಡೂಣು, ಮೊದಲು ಒಂದು ಪರೀಕ್ಷೆ ಮಾಡೂಣು ಬಾ" ಎಂದೆ. ಹಾವೇರಿಯಲ್ಲಿರುವ ಅವನ ಗೆಳೆಯನೊಬ್ಬನ ಹತ್ತಿರ 45 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಇತ್ತು. ಒಂದು ದಿನದ ಮಟ್ಟಿಗೆ ಎರವಲು ತಂದ. ನನ್ನ ಹತ್ತಿರ ಇದ್ದದ್ದು 2007ರಲ್ಲಿ ಕೊಂಡ ನಿಕಾನ್ ಡಿ40. ಬರೀ 6 ಮೆಗಾಪಿಕ್ಸೆಲ್. ಜೊತೆಗೆ ಒಂದು 18-55 ಲೆನ್ಸು, ಒಂದು 35 ಎಂ.ಎಂ. ಲೆನ್ಸು. ಅಳಿಯ ಅದನ್ನು ಕೈಯಲ್ಲಿ ಹಿಡಿದು ನೋಡಿದ ರೀತಿ ಹೇಗಿತ್ತೆಂದರೆ, ಅಟ್ಟದ ಮೇಲಿನ ಹಿತ್ತಾಳೆ ಚಂಬು ಕಂಡ ಹಾಗೆ.

ಬೆಳಿಗ್ಗೆ ಬೇಗ ಬೈಕ್ ಹತ್ತಿ ಹಾನಗಲ್ಲಿಗೆ ಹೋದೆವು. ತಾರಕೇಶ್ವರ ಗುಡಿ ನೋಡಿದವರಿಗೆ ಅದರ ಒಳಮಾಳಿಗೆಯ ಬಗ್ಗೆ ಹೇಳಬೇಕಾಗಿಲ್ಲ. ಮಂಟಪದ ಚಾವಣಿಯಿಂದ ಇಳಿಬಿದ್ದ ಆ ಕಲ್ಲಿನ ಕಮಲ ನೋಡುತ್ತ ನಿಂತರೆ ಕುತ್ತಿಗೆ ನೋಯುವುದೂ ತಿಳಿಯುವುದಿಲ್ಲ. ಆದರೆ ಒಳಗೆ ಕತ್ತಲು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಬೇಕೆಂದರೆ ಮೊದಲೇ ಅನುಮತಿ ಬೇಕು, ನಮ್ಮಲ್ಲಿ ಅನುಮತಿಯೂ ಇಲ್ಲ, ಟ್ರೈಪಾಡೂ ಇಲ್ಲ. ಅಳಿಯ 45ರ ಕ್ಯಾಮೆರಾ ಮೇಲೆತ್ತಿ, ಐ.ಎಸ್.ಓ. 6400ಕ್ಕೆ ಏರಿಸಿ, ಉಸಿರು ಬಿಗಿಹಿಡಿದು ಹತ್ತಾರು ಚಿತ್ರ ತೆಗೆದ. ನಾನು ಕರ್ಚೀಫು ನೆಲದ ಮೇಲೆ ಹಾಸಿ, ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಐ.ಎಸ್.ಓ. 200 ಇಟ್ಟು, ಸೆಲ್ಫ್ ಟೈಮರ್ ಒತ್ತಿ ಬದಿಗೆ ಸರಿದೆ. ಎರಡು ಸೆಕೆಂಡು ಶಟರ್ ತೆರೆದಿತ್ತು, ಅಷ್ಟೇ.

ಅವನ ಚಿತ್ರದಲ್ಲಿ ಕಮಲದ ಎಸಳುಗಳ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು, ಅಂಚುಗಳಲ್ಲಿ ಕೈ ನಡುಗಿದ ಗುರುತು. ನನ್ನ ಚಿತ್ರದಲ್ಲಿ ಉಳಿಯ ಗೆರೆ ಎಣಿಸಬಹುದಿತ್ತು. ಅಳಿಯ ಪೆದ್ದನಲ್ಲ. ತಕ್ಷಣ ತನ್ನದನ್ನೂ ಕರ್ಚೀಫಿನ ಮೇಲೆ ಮಲಗಿಸಿ ಮತ್ತೊಂದು ತೆಗೆದ. ಅದು ನನ್ನದಕ್ಕಿಂತ ಚೆನ್ನಾಗಿ ಬಂತು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಕರ್ಚೀಫಿಗೆ ಮುಂಚಿನ ಚಿತ್ರಕ್ಕೂ ಕರ್ಚೀಫಿನ ಮೇಲಿನ ಚಿತ್ರಕ್ಕೂ ಇದ್ದ ಅಂತರದ ಮುಂದೆ, 6ಕ್ಕೂ 45ಕ್ಕೂ ಇದ್ದ ಅಂತರ ಏನೇನೂ ಅಲ್ಲ. ಕರ್ಚೀಫಿಗೆ ಕಂತಿಲ್ಲ ನೋಡಿ!

ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ಒಂದರ ಮೇಲಿನ ಅಕ್ಷರ ಓದುವ ಹಾಗೆ ತೆಗೆಯಬೇಕೆಂದು ಇಬ್ಬರೂ ಪ್ರಯತ್ನಿಸಿದೆವು. ಬೆಳಕು ಕಲ್ಲಿಗೆ ಎದುರಾಗಿ ಬೀಳುತ್ತಿತ್ತು. ಎದುರು ಬೆಳಕಿನಲ್ಲಿ ಸವೆದ ಅಕ್ಷರ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ, ಯಾಕೆಂದರೆ ತಗ್ಗಿನಲ್ಲಿ ನೆರಳೇ ಇರುವುದಿಲ್ಲ. 45 ಮೆಗಾಪಿಕ್ಸೆಲ್ಲಿನಲ್ಲಿ ಬೂದು ಬಣ್ಣದ ಕಲ್ಲು ಇನ್ನೂ ಸ್ಪಷ್ಟವಾಗಿ ಬೂದಾಗಿ ಬಂತು. ಬಳಿಕ ಅಳಿಯ ಹೊರಗಿನ ಅಂಗಡಿಯಿಂದ ಒಂದು ಕೈಗನ್ನಡಿ ತಂದ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಮೈಗೆ ತಾಗುವ ಹಾಗೆ ಪಕ್ಕದಿಂದ ಹಾಯಿಸಿದ್ದೇ ತಡ, ಅಕ್ಷರಗಳು ಒಂದೊಂದಾಗಿ ಎದ್ದು ಕೂತವು. ಹುಡುಗನ ಮುಖ ನೋಡಬೇಕಿತ್ತು. ಆಗ ಅವನ ಕೈಯಲ್ಲಿದ್ದದ್ದು ನನ್ನ 6ರ ಡಬ್ಬಿ.

ಮಧ್ಯಾಹ್ನ ಶಿಗ್ಗಾವಿಯಲ್ಲಿ ಖಾನಾವಳಿ ಊಟ. ಊಟದ ಮೇಲೆ ಹತ್ತಿರದ ಗೊಟಗೋಡಿಗೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅಲ್ಲಿದೆ. ಒಕ್ಕಲುತನ, ಸಂತೆ, ಮನೆಗೆಲಸ, ನಮ್ಮ ಹಳ್ಳಿ ಇದ್ದ ಹಾಗೇ ಶಿಲ್ಪವಾಗಿ ನಿಂತಿದೆ. ಈ ಮಂದಿ ಎವೆ ಬಡಿಯುವುದಿಲ್ಲ, ಅಲುಗಾಡುವುದಿಲ್ಲ, ಲೆನ್ಸ್ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗೆ. ಎರವಲು ಕ್ಯಾಮೆರಾದ ಜೊತೆ ಬಂದಿದ್ದು ಒಂದು ಹಳೆಯ ಅಗ್ಗದ ಜೂಮ್ ಲೆನ್ಸು. ಅದರ ಮೂಲೆಗಳೆಲ್ಲ ಕಲಸಿಕೊಂಡಿದ್ದವು. ಕಲಸಿದ್ದನ್ನು 45 ಮೆಗಾಪಿಕ್ಸೆಲ್ಲಿನಲ್ಲಿ ಬರೆದಿಟ್ಟರೆ ಅದು 45 ಮೆಗಾಪಿಕ್ಸೆಲ್ಲಿನ ಕಲಸು. ಕ್ಯಾಮೆರಾ ಲೆನ್ಸು ಕೊಟ್ಟದ್ದನ್ನು ಮಾತ್ರ ಬರೆದುಕೊಳ್ಳುವ ಗುಮಾಸ್ತ. ಹೇಳುವವನೇ ತೊದಲಿದರೆ ಬರೆಯುವವನು ಏನು ಮಾಡಿಯಾನು?

ಇಳಿಹೊತ್ತಿಗೆ ಅದೇ ತಾಲೂಕಿನ ಬಂಕಾಪುರ, ಕೋಟೆಯೊಳಗಿನ ನವಿಲುಧಾಮ. ಇಲ್ಲಿ ನಾನು ಸೋತೆ. ನವಿಲು ದೂರದಲ್ಲಿತ್ತು, ಇಬ್ಬರ ಹತ್ತಿರವೂ ಉದ್ದದ ಲೆನ್ಸ್ ಇರಲಿಲ್ಲ. ಅಳಿಯ ತನ್ನ ಚಿತ್ರದ ನಡುಭಾಗ ಕತ್ತರಿಸಿ ತೋರಿಸಿದ. ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ ಕತ್ತರಿಸಿದರೂ ಅವನಿಗೆ 11 ಮೆಗಾಪಿಕ್ಸೆಲ್ ಉಳಿದಿತ್ತು. ನನಗೆ ಉಳಿದದ್ದು ಒಂದೂವರೆ. ಅವನ ನವಿಲಿನ ಗರಿಯಲ್ಲಿ ಎಳೆ ಕಾಣುತ್ತಿತ್ತು, ನನ್ನದು ನವಿಲೋ ಹೇಂಟೆಯೋ ಎಂದು ಕೇಳುವ ಹಾಗಿತ್ತು. ಹಕ್ಕಿ ಹಿಂದೆ ಹೋಗುವವರೇ, ನಿಮಗೆ ಹೆಚ್ಚು ಮೆಗಾಪಿಕ್ಸೆಲ್ ಬೇಕು, ತಗೊಳ್ಳಿ, ನನ್ನ ತಕರಾರಿಲ್ಲ. ಆದರೆ ಮದುಮಗಳು ನವಿಲಲ್ಲ. ಫೋಟೋಗ್ರಾಫರ್ ಹತ್ತಿರ ಬಂದರೆ ಹಾರಿಹೋಗುವುದಿಲ್ಲ.

ಹೊತ್ತು ಮುಳುಗುವ ಮುಂಚೆ ಸವಣೂರು. ಖಾರಾ ಕಟ್ಟಿಸಿಕೊಂಡು ದೊಡ್ಡಹುಣಸೆ ಕಲ್ಮಠಕ್ಕೆ ಹೋದೆವು. ಅಲ್ಲಿಯ ಆ ಮೂರು ದೈತ್ಯ ಮರಗಳು ಗೊತ್ತಲ್ಲ, ಆಫ್ರಿಕಾ ಮೂಲದ ಬಾವೋಬಾಬ್, ನಮ್ಮವರ ಬಾಯಲ್ಲಿ ದೊಡ್ಡ ಹುಣಸೆಮರ. 2023ರ ಜುಲೈ ಮಳೆಯಲ್ಲಿ ಅದರಲ್ಲೊಂದು ಉರುಳಿಬಿತ್ತು. ಅದನ್ನು ಮತ್ತೆ ಎತ್ತಿ ನೆಟ್ಟರು. ಈ ಮರದ ಮಾತು ಆಮೇಲೆ ಹೇಳುತ್ತೇನೆ.

*

ರಾತ್ರಿ ಎರಡೂ ಕ್ಯಾಮೆರಾಗಳ ನಾಲ್ಕು ನಾಲ್ಕು ಚಿತ್ರ ಆರಿಸಿದೆವು. ನವಿಲು ಬಿಟ್ಟು. ಮರುದಿನ 12×18 ಇಂಚಿನಲ್ಲಿ ಪ್ರಿಂಟ್ ಹಾಕಿಸಿ ಅಕ್ಕ, ಭಾವ, ಪಕ್ಕದ ಅಂಗಡಿಯ ಟೇಲರ್ ಕಾಕಾ, ಇವರ ಮುಂದೆ ಹರಡಿದೆವು. "ಇದರಾಗ ಯಾವ್ದು ತುಟ್ಟೀ ಕ್ಯಾಮೆರಾದ್ದು ಹೇಳ್ರಿ." ಮೂವರೂ ಮೂರು ತರಹ ಹೇಳಿದರು. ಅಕ್ಕ ಹಾನಗಲ್ಲಿನ ಕಮಲ ನೋಡಿ "ಇದು ಭಾರಿ ಬಂದೈತಿ" ಎಂದಳು. ಅದು 6ರದ್ದು, ಕರ್ಚೀಫಿನದು. ಟೇಲರ್ ಕಾಕಾ ಮಾತ್ರ ಪ್ರಿಂಟನ್ನು ಮೂಗಿನ ಹತ್ತಿರ ಹಿಡಿದು, ಗುಂಡಿ ಹೊಲಿಯುವ ಕಣ್ಣಿನಿಂದ ನೋಡಿ ಎರಡು ಸರಿಯಾಗಿ ಗುರುತಿಸಿದ. ಫೋಟೋವನ್ನು ಮೂಗಿಗೆ ಹಿಡಿದು ನೋಡುವವರು ಟೇಲರ್‌ಗಳು ಮತ್ತು ಫೋಟೋಗ್ರಾಫರ್‌ಗಳು ಮಾತ್ರ :-)

ಇದು ಮೂರು ಜನರ ಮುಂದೆ ನಡೆದ ಮನೆಯಾಟ, ಪ್ರಮಾಣ ಎಂದು ಮಂಡಿಸುತ್ತಿಲ್ಲ. ಆದರೆ ಹೀಗೆ ಆಗುವುದಕ್ಕೆ ಕಾರಣ ಇದೆ, ಅದನ್ನು ಕಾಗದ ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಸಾಧಾರಣ ಒಳ್ಳೆ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಒಂದಡಿ ದೂರದಲ್ಲಿ ಹಿಡಿದ ಚಿತ್ರದಲ್ಲಿ ಇದು ಇಂಚಿಗೆ ಸುಮಾರು 290 ಚುಕ್ಕಿ. ಪ್ರಿಂಟಿನವರು "300 ಡಿಪಿಐ" ಎನ್ನುವುದು ಇದಕ್ಕೇ. ದೂರ ಹೆಚ್ಚಿದಷ್ಟೂ ಈ ಸಂಖ್ಯೆ ಇಳಿಯುತ್ತದೆ. ಮದುವೆ ಆಲ್ಬಂ ಮಡಿಲಲ್ಲಿಟ್ಟುಕೊಂಡು ಒಂದೂವರೆ ಅಡಿ ದೂರದಿಂದ ನೋಡುತ್ತೇವೆ. ಅಲ್ಲಿ ಇಂಚಿಗೆ ಸುಮಾರು 195 ಸಾಕು. 12×18ರ ಒಂದು ಪುಟ ತುಂಬಾ ಒಂದೇ ಚಿತ್ರ ಹಾಕಿದರೂ ಬೇಕಾದದ್ದು 8 ಮೆಗಾಪಿಕ್ಸೆಲ್ ಚಿಲ್ಲರೆ. 300ರ ಹಟ ಹಿಡಿದರೂ 19.4. ಅಂದರೆ 24ರಲ್ಲಿ ಇನ್ನೂ ಮಿಗುತ್ತದೆ! ಎರಡು ಪುಟಕ್ಕೂ ಚಾಚಿ 12×36 ಇಂಚಿಗೆ ಒಂದೇ ಚಿತ್ರ ಹಾಕಿದರೆ ಮಾತ್ರ 24ರ ಕ್ಯಾಮೆರಾದಿಂದ ಇಂಚಿಗೆ 167 ಬರುತ್ತದೆ, ಲೆಕ್ಕಕ್ಕಿಂತ ತುಸು ಕಡಿಮೆ. ಅಂಥ ಪುಟ ಒಂದು ಆಲ್ಬಮ್ಮಿನಲ್ಲಿ ಎಷ್ಟಿರುತ್ತವೆ? ಎರಡೋ ಮೂರೋ. ಆ ಎರಡು ಮೂರು ಪುಟಕ್ಕೆ ಮೂರು ಲಕ್ಷವೇ?

ಟಿವಿಗೆ ಬನ್ನಿ. 4ಕೆ ಟಿವಿ ಎಂದರೆ 3840×2160, ಹೆಚ್ಚುಕಮ್ಮಿ 8.3 ಮೆಗಾಪಿಕ್ಸೆಲ್. 24ರ ಚಿತ್ರವನ್ನೂ ಟಿವಿ ಕುಗ್ಗಿಸಿಯೇ ತೋರಿಸಬೇಕು. 55 ಇಂಚಿನ ಟಿವಿಯನ್ನು ಎಂಟಡಿ ದೂರದ ಸೋಫಾದಿಂದ ನೋಡಿದರೆ ಕಣ್ಣಿಗೆ ದಕ್ಕುವುದು ಅಗಲಕ್ಕೆ ಸುಮಾರು 1700 ಚುಕ್ಕಿ. ಹಳೇ ಫುಲ್ ಎಚ್.ಡಿ. ಕೂಡ ಅಲ್ಲಿ ಹೆಚ್ಚೇ.

ಇನ್ನು ನಮ್ಮೂರ ಬಸ್‌ಸ್ಟ್ಯಾಂಡಿನ ಫ್ಲೆಕ್ಸು. "ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು" ಎಂದು ಕೈ ಮುಗಿದು ನಿಂತ ಅಣ್ಣಂದಿರ ಫ್ಲೆಕ್ಸು. ಹತ್ತಡಿ ಅಗಲ ಎಂಟಡಿ ಎತ್ತರ, ನೀವು ಹತ್ತು ಮೀಟರ್ ಆಚೆ ಬಸ್ಸಿನ ಕಿಟಕಿಯಲ್ಲಿ ಕೂತಿದ್ದೀರಿ. ಲೆಕ್ಕ ಹಾಕಿ. ಇಂಚಿಗೆ ಒಂಬತ್ತು ಚುಕ್ಕಿ ಸಾಕು. ಇಡೀ ಫ್ಲೆಕ್ಸಿಗೆ ಒಂದು ಮೆಗಾಪಿಕ್ಸೆಲ್ ಕೂಡ ಬೇಡ! ಮೂರು ಮೀಟರಿಗೆ ಹೋಗಿ ನಿಂತರೂ ಹತ್ತು ಸಾಕು. ಚಿತ್ರ ದೊಡ್ಡದಾದಷ್ಟೂ ಮೆಗಾಪಿಕ್ಸೆಲ್ ಹೆಚ್ಚು ಬೇಕು ಅಂತ ನಾವು ತಿಳಿದಿದ್ದೇವೆ. ಚಿತ್ರ ದೊಡ್ಡದಾದರೆ ನೋಡುವವನು ಹಿಂದೆ ಸರಿಯುತ್ತಾನೆ ಎಂಬುದನ್ನು ಮರೆತಿದ್ದೇವೆ.

ಮತ್ತೆ ನಾವು ಇಲ್ಲಿ ಬರೆಯುವವರು? ಅಂಕಣದ ನಡುವೆ 640 ಚುಕ್ಕಿ ಅಗಲದ ಚಿತ್ರ ಅಂಟಿಸುತ್ತೇವೆ. ಒಂದು ಮೆಗಾಪಿಕ್ಸೆಲ್ಲಿನ ಮೂರನೇ ಒಂದು ಭಾಗವೂ ಅಲ್ಲ ಅದು. ಕೆಳಗೆ ಮಾತ್ರ ಕ್ಯಾಮೆರಾದ ಹೆಸರು, ಮಾದರಿ, ಮೆಗಾಪಿಕ್ಸೆಲ್ಲು ಎಲ್ಲಾ ಬರೆದು ಮೀಸೆ ತಿರುವುತ್ತೇವೆ. ಮೊದಲ ಕಲ್ಲು ನನಗೇ ಬೀಳಲಿ, ನಾನೂ ಬರೆದಿದ್ದೇನೆ.

*

ಹಾಗಾದರೆ ಆ ಗಿರಾಕಿಯ ಮೊಬೈಲಿನ 200? ಅದು ಸುಳ್ಳೇ? ಸುಳ್ಳಲ್ಲ, ಆದರೆ ಹೊಲದ ಪಾಲಿನ ಕಥೆ. 24ರ ದೊಡ್ಡ ಕ್ಯಾಮೆರಾದಲ್ಲಿ ಬೆಳಕು ಬೀಳುವ ಸೆನ್ಸರಿನ ಹೊಲ 36×24 ಮಿಲಿಮೀಟರ್. 200ರ ಮೊಬೈಲಿನ ಹೊಲ ಅದರ ಹನ್ನೆರಡನೇ ಒಂದು ಭಾಗದ ಆಸುಪಾಸು. ಎರಡೆಕರೆಯನ್ನು ನೂರು ಪಾಲು ಮಾಡಿದರೆ ಬೆಳೆ ಹೆಚ್ಚಾಗುವುದಿಲ್ಲ, ಬದು ಹೆಚ್ಚಾಗುತ್ತದೆ. ಇದು ಮೊಬೈಲ್ ಮಾಡುವವರಿಗೂ ಗೊತ್ತು. ಅದಕ್ಕೇ ಹದಿನಾರು ಪಾಲನ್ನು ಕೂಡಿಸಿ ಒಂದು ಮಾಡಿ, 200ರ ಬದಲು 12ರ ಚಿತ್ರವನ್ನೇ ನಿಮಗೆ ಕೊಡುತ್ತಾರೆ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಎಸ್23 ಅಲ್ಟ್ರಾ 200ರದ್ದು. ಸುಮ್ಮನೆ ಒತ್ತಿದರೆ ಅದು ಕೊಡುವುದೂ 12ರ ಚಿತ್ರ. ಒಡೆದ ಅಣ್ಣತಮ್ಮಂದಿರು ಮತ್ತೆ ಕೂಡಿ ಉಳುಮೆ ಮಾಡಿದ ಹಾಗೆ. ಕೂಡಿ ಉಳುವುದು ಒಳ್ಳೆಯದೇ, ಆದರೆ ಪಾಲಿನ ಸಂಖ್ಯೆ ಹೇಳಿಕೊಂಡು ಊರಲ್ಲಿ ಮೆರೆಯುವುದೇಕೆ?

ಇನ್ನೊಂದು ಅಡ್ಡಿ ಬೆಳಕಿನದೇ. ಬೆಳಕು ಅಲೆ. ಸಣ್ಣ ಕಿಂಡಿಯಿಂದ ಹಾದರೆ ಹರಡಿಕೊಳ್ಳುತ್ತದೆ, ಎಂಥ ಲೆನ್ಸೂ ಅದನ್ನು ಸೂಜಿಮೊನೆಯಷ್ಟಕ್ಕೆ ಇಳಿಸಲಾರದು. ಎಫ್/1.7ರ ಮೊಬೈಲ್ ಲೆನ್ಸಿನಲ್ಲಿ ಹಸಿರು ಬೆಳಕಿನ ಒಂದು ಚುಕ್ಕಿ ಸುಮಾರು 2.3 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. 200ರ ಸೆನ್ಸರಿನ ಪಿಕ್ಸೆಲ್ 0.6 ಮೈಕ್ರಾನ್. ಒಂದೇ ಚುಕ್ಕಿಯನ್ನು ಹತ್ತಾರು ಪಿಕ್ಸೆಲ್‌ಗಳು ಹಂಚಿಕೊಂಡು ತಿನ್ನುತ್ತವೆ. ದೊಡ್ಡ ಕ್ಯಾಮೆರಾದವರೂ ಬೀಗಬೇಕಿಲ್ಲ. ಮಂಟಪದಲ್ಲಿ ಇಡೀ ಬಂಧುಬಳಗದ ಗುಂಪು ಫೋಟೋಕ್ಕೆ ಎಫ್/11 ಇಟ್ಟಿರೋ, ಚುಕ್ಕಿ ಸುಮಾರು 15 ಮೈಕ್ರಾನ್. 45ರ ಪಿಕ್ಸೆಲ್ 4.3, 24ರದ್ದು 6. ಎರಡೂ ಅದೇ ಮಬ್ಬನ್ನು ಬರೆದುಕೊಳ್ಳುತ್ತವೆ.

ಸಂಖ್ಯೆಯ ಇನ್ನೊಂದು ಕಣ್ಕಟ್ಟು. 24ರಿಂದ 45 ಎಂದರೆ "ಹತ್ತಿರ ಹತ್ತಿರ ಡಬಲ್" ಅನಿಸುತ್ತದೆ. ಆದರೆ ಪಿಕ್ಸೆಲ್ ಉದ್ದಕ್ಕೂ ಅಗಲಕ್ಕೂ ಹಂಚಿಕೆಯಾಗಬೇಕಲ್ಲ? ಉದ್ದದಲ್ಲಿ ಸಿಗುವ ಹೆಚ್ಚಳ ನೂರಕ್ಕೆ 37ರಷ್ಟು. ಸೂಕ್ಷ್ಮ ನಿಜವಾಗಿ ದುಪ್ಪಟ್ಟಾಗಬೇಕೆಂದರೆ 24ಕ್ಕೆ 96 ಬೇಕು. ನನ್ನ 6ಕ್ಕೂ ಅವನ 24ಕ್ಕೂ ಇರುವುದು ಅಂಥ ಒಂದೇ ಒಂದು ಮೆಟ್ಟಿಲು.

ಇಷ್ಟು ಕಡಿಮೆ ಪಿಕ್ಸೆಲ್ಲಿನಲ್ಲಿ ಜಗತ್ತು ಏನೇನು ನೋಡಿದೆ ಗೊತ್ತೆ? 1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕೆಗಳ ಫೋಟೋಗ್ರಾಫರ್‌ಗಳನ್ನು ಡಿಜಿಟಲ್‌ಗೆ ಎಳೆಯಿತು. ಅದು 2.7 ಮೆಗಾಪಿಕ್ಸೆಲ್. 1995ರಲ್ಲಿ ಹಬಲ್ ದೂರದರ್ಶಕ ತೆಗೆದ "ಸೃಷ್ಟಿಯ ಸ್ತಂಭಗಳು" ಚಿತ್ರ ಜಗತ್ತಿನ ಗೋಡೆಗಳ ಮೇಲೆಲ್ಲ ನೇತಾಡಿತು. ಅದರ ಕ್ಯಾಮೆರಾದಲ್ಲಿದ್ದದ್ದು 800×800ರ ನಾಲ್ಕು ಸೆನ್ಸರು, ಕೂಡಿಸಿದರೆ ಇಪ್ಪತ್ತಾರು ಲಕ್ಷ ಪಿಕ್ಸೆಲ್ ಕೂಡ ಇಲ್ಲ. 2012ರಲ್ಲಿ ಮಂಗಳಕ್ಕಿಳಿದ ಕ್ಯೂರಿಯಾಸಿಟಿಯ ಮುಖ್ಯ ಕ್ಯಾಮೆರಾಗಳು 2 ಮೆಗಾಪಿಕ್ಸೆಲ್‌ನವು. ದೊಡ್ಡ ನೋಟ ಬೇಕಾದಾಗ ತುಂಡು ತುಂಡಾಗಿ ತೆಗೆದು ಜೋಡಿಸುತ್ತಾರೆ. ಮಂಗಳ ಗ್ರಹಕ್ಕೆ ಎರಡು ಸಾಕು, ನಮ್ಮ ಮದುವೆ ಮಂಟಪಕ್ಕೆ ಸಾಲದು!

*

ತಕರಾರು ತೆಗೆಯುವವರು ಒಂದು ಒಳ್ಳೆ ಮಾತು ಹೇಳಬಹುದು. "ಹೆನ್ರಿ ಕಸೆನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಬಗ್ಗೆ ದೊಡ್ಡ ಪುಸ್ತಕ ತಂದನಲ್ಲ, ಹಾನಗಲ್ಲಿನ ತಾರಕೇಶ್ವರ ಗುಡಿಯೂ ಅದರಲ್ಲಿದೆಯಲ್ಲ, ಆ ಕಾಲದವರು ಗಾಜಿನ ದೊಡ್ಡ ಫಲಕ ಹೊತ್ತು ತಿರುಗಿದ್ದು ಸೂಕ್ಷ್ಮಕ್ಕಾಗಿಯೇ ಅಲ್ಲವೇ?" ಹೌದು. ಗುಡಿ, ಶಾಸನ, ತಾಳೆಗರಿ ಇಂಥವುಗಳ ದಾಖಲೆಗೆ ಸೂಕ್ಷ್ಮ ಬೇಕೇ ಬೇಕು, ಅದು ಮುಂದಿನವರ ಆಸ್ತಿ. ಅಂಥ ಕೆಲಸ ಮಾಡುವವರು 45 ಅಲ್ಲ, 61 ಇದ್ದರೂ ಕೊಳ್ಳಲಿ. ಇಲ್ಲದವರು ಹತ್ತಿರ ಹೋಗಿ ಎಂಟು ತುಂಡಾಗಿ ತೆಗೆದು ಜೋಡಿಸಲಿ, ಮಂಗಳದ ಮೇಲೆ ಮಾಡಿದ ಹಾಗೆ. ಕಲ್ಲು ಎಲ್ಲೂ ಓಡಿಹೋಗುವುದಿಲ್ಲ. ಹಕ್ಕಿ, ದಾಖಲೆ, ದೊಡ್ಡ ಜಾಹೀರಾತಿನ ಕೆಲಸ, ಈ ಮೂರಕ್ಕೆ ನನ್ನ ವಿನಾಯಿತಿ ಇದೆ. ಹಿರೇಕೆರೂರಿನ ಸ್ಟುಡಿಯೋ ಇವು ಮೂರರಲ್ಲಿ ಯಾವುದೂ ಅಲ್ಲ.

ಅಲ್ಲಿ ಬೇಕಾದದ್ದೇ ಬೇರೆ. ಕೆಲವು ವರ್ಷದ ಹಿಂದೆ ನಮ್ಮ ಬಳಗದ ಒಂದು ಮದುವೆಯಲ್ಲಿ ಹೀಗಾಯಿತು. ಆ ಸ್ಟುಡಿಯೋದವರ (ಯಾವ ಊರು ಎಂದು ಕೇಳಬೇಡಿ) ಕ್ಯಾಮೆರಾ ಆಗಿನ ಕಾಲಕ್ಕೆ ಭಾರಿಯದು. ಚಿತ್ರಗಳನ್ನೆಲ್ಲ ಒಂದೇ ಕಾರ್ಡಿನಲ್ಲಿ ತೆಗೆದರು, ಒಂದೇ ಹಾರ್ಡ್ ಡಿಸ್ಕಿಗೆ ಸುರಿದರು, ಕಾರ್ಡು ಅಳಿಸಿ ಮುಂದಿನ ಮದುವೆಗೆ ಹೋದರು. ಡಿಸ್ಕು ಸತ್ತಿತು. ಅಕ್ಕಿಕಾಳು ಬಿದ್ದ ಗಳಿಗೆಯಿಂದ ಹೆಣ್ಣು ಕಳಿಸುವವರೆಗೆ ಒಂದೂ ಉಳಿಯಲಿಲ್ಲ. ಮದುಮಗಳ ಅಜ್ಜಿ ಮುಂದಿನ ವರ್ಷವೇ ತೀರಿಕೊಂಡರು. ಅಜ್ಜಿಯ ಕೊನೆಯ ಚಿತ್ರ ಎಂದು ಮನೆಯವರ ಹತ್ತಿರ ಇರುವುದು ಯಾರೋ ಸೋದರಳಿಯ ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ, ಕುಗ್ಗಿ ಹೋದ ಒಂದೇ ಒಂದು ಫೋಟೋ. ಅದೇ ಈಗ ಹಾರ ಹಾಕಿಸಿಕೊಂಡು ಗೋಡೆ ಮೇಲಿದೆ. ಆ ಅಜ್ಜಿಯ ಮುಂದೆ ನಿಂತು ಮೆಗಾಪಿಕ್ಸೆಲ್ ಮಾತಾಡಿ ನೋಡೋಣ.

45ರಲ್ಲಿ ಒಂದು ರಾ ಫೈಲು ಹೆಚ್ಚುಕಮ್ಮಿ 50 ಎಂಬಿ. ಒಂದು ಮದುವೆಗೆ ಮೂರು ಸಾವಿರ ಚಿತ್ರ ಹಿಡಿದರೆ 150 ಜಿಬಿ. ಎರಡು ಪ್ರತಿ ಇಟ್ಟರೆ 300. ಹುಡುಗರು ಏನು ಮಾಡುತ್ತಾರೆ? ಕಂತು ಕಟ್ಟಿ ಕೈ ಖಾಲಿ, ಎರಡನೇ ಡಿಸ್ಕಿಗೆ ರೊಕ್ಕ ಎಲ್ಲಿಂದ ಬರಬೇಕು? ಒಂದೇ ಪ್ರತಿ ಇಡುತ್ತಾರೆ. ಹೆಚ್ಚಿನ ಮೆಗಾಪಿಕ್ಸೆಲ್ಲು ಚಿತ್ರವನ್ನು ಉಳಿಸುವ ಬದಲು ಕಳೆಯುವ ದಾರಿ ಇದು. ಅದೇ ಮೂರು ಲಕ್ಷದಲ್ಲಿ ಒಂದು ಪಾಲು ಹಾಕಿದರೆ ಒಳ್ಳೆ ಲೆನ್ಸು, ಎರಡು ಫ್ಲಾಶು, ಒಂದು ಗಟ್ಟಿ ಸ್ಟ್ಯಾಂಡು, ಎರಡು ಡಿಸ್ಕು ಬರುತ್ತವೆ. ಕಂತೂ ಇಲ್ಲ.

ಆದರೆ ನನ್ನ ಅಳಿಯನಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಅವನು ಹೇಳಿದ್ದು ಮತ್ತೊಮ್ಮೆ ಓದಿ. ಕ್ಯಾಮೆರಾ ಸಾಲದು ಎಂದು ಅವನು ಹೇಳಲಿಲ್ಲ, ಗಿರಾಕಿ ಕೇಳುತ್ತಾನೆ ಎಂದ. ನಾವು ಕೇಳುತ್ತೇವೆ, ಯಾಕೆಂದರೆ ಕೇಳಲು ನಮಗೆ ಬೇರೇನೂ ಗೊತ್ತಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಅಪ್ಪ ಅಜ್ಜ ಹೇಳಿಕೊಟ್ಟಿದ್ದಾರೆ. ಫೋಟೋ ಬಗ್ಗೆ ಯಾರೂ ಹೇಳಿಕೊಡಲಿಲ್ಲ, ಜಾಹೀರಾತು ಒಂದು ಸಂಖ್ಯೆ ಹೇಳಿಕೊಟ್ಟಿತು, ಅದನ್ನೇ ಗಿಣಿಪಾಠ ಒಪ್ಪಿಸುತ್ತೇವೆ. ನಮ್ಮ ಆ ಒಂದು ಪ್ರಶ್ನೆಯ ಬೆಲೆಯನ್ನು ಹಾನಗಲ್ಲಿನ, ಸವಣೂರಿನ, ಶಿಗ್ಗಾವಿಯ ಒಬ್ಬೊಬ್ಬ ಹುಡುಗ ಮೂರು ಮೂರು ವರ್ಷ ಕಟ್ಟುತ್ತಾನೆ.

ಹಾಗಾಗಿ ಮುಂದಿನ ಸಲ ಮನೆಯ ಕಾರ್ಯಕ್ಕೆ ಫೋಟೋಗ್ರಾಫರ್ ಗೊತ್ತು ಮಾಡುವಾಗ ದಯವಿಟ್ಟು ಇವನ್ನು ಕೇಳಿ. ಒಂದು ಮದುವೆಯ ಪೂರ್ತಿ ಆಲ್ಬಂ ತೋರಿಸು, ಆರಿಸಿದ ಹತ್ತು ಚಿತ್ರ ಬೇಡ. ಮಂಟಪದಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೀ? ಒಂದು ಕ್ಯಾಮೆರಾ ಕೆಟ್ಟರೆ ಇನ್ನೊಂದು ಇದೆಯೇ? ಚಿತ್ರಗಳ ಎರಡು ಪ್ರತಿ ಎಲ್ಲೆಲ್ಲಿ ಇಡುತ್ತೀ? ಎಷ್ಟು ದಿನಕ್ಕೆ ಕೊಡುತ್ತೀ? ಇಷ್ಟಕ್ಕೆ ಸರಿಯಾಗಿ ಉತ್ತರ ಕೊಟ್ಟವನ ಕ್ಯಾಮೆರಾ 12 ಇದ್ದರೂ ಕಣ್ಣುಮುಚ್ಚಿ ಮುಂಗಡ ಕೊಡಿ.

*

ಸವಣೂರಿನ ಮರದ ಮಾತು ಬಾಕಿ ಇತ್ತು. 2005ರಲ್ಲಿ ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದೆ. ಕಿಸೆಯಲ್ಲಿದ್ದದ್ದು 3 ಮೆಗಾಪಿಕ್ಸೆಲ್ಲಿನ ಪುಟ್ಟ ಕ್ಯಾಮೆರಾ, 2048×1536. ಅಪ್ಪ ಮರದ ಬೊಡ್ಡೆಗೆ ಕೈಚಾಚಿ ಅಪ್ಪಿಕೊಂಡು ನಿಂತಿದ್ದಾರೆ, ಬೊಡ್ಡೆಯ ಕಾಲುಭಾಗವೂ ಕೈಗೆ ಸಿಕ್ಕಿಲ್ಲ, ಅದಕ್ಕೇ ನಗುತ್ತಿದ್ದಾರೆ. 8×10ಕ್ಕೆ ಪ್ರಿಂಟ್ ಹಾಕಿಸಿ ಹಿಂದೆ ಪೆನ್ನಿನಿಂದ ಊರು, ತಾರೀಖು, ಹೆಸರು ಬರೆದಿದ್ದೆ. ಅಪ್ಪ ಈಗಿಲ್ಲ. ಆ ಮರವೂ ಈಗ ಅವತ್ತಿನ ಹಾಗಿಲ್ಲ. ಮೊನ್ನೆ ಕಲ್ಮಠದ ಅಂಗಳದಲ್ಲಿ ಅಳಿಯನಿಗೆ ಆ ಪ್ರಿಂಟ್ ಕೊಟ್ಟೆ. ಬಹಳ ಹೊತ್ತು ನೋಡಿದ. ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಲಿಲ್ಲ. "ಅಜ್ಜನ ನಗಿ ನಮ್ಮವ್ವನ್ಹಂಗ ಐತಲ್ಲ ಮಾಮಾ" ಎಂದ.

ಜಾಮೀನಿಗೆ ನಾನು ಸಹಿ ಹಾಕಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಲೆನ್ಸು, ಹೊಸದಾಗಿ ಎರಡು ಡಿಸ್ಕು ಕೊಂಡ. ಸ್ಟುಡಿಯೋದ ಗೋಡೆಗೆ ಹಾನಗಲ್ಲಿನ ಕಮಲದ ಎರಡು ಪ್ರಿಂಟ್ ಪಕ್ಕಪಕ್ಕ ತೂಗುಹಾಕಿದ್ದಾನೆ, 6ರದ್ದೊಂದು, 45ರದ್ದೊಂದು. ಯಾವುದು ಯಾವುದೆಂದು ಬರೆದಿಲ್ಲ. ಮೆಗಾಪಿಕ್ಸೆಲ್ ಕೇಳಿದವರಿಗೆ "ಇದರಾಗ ಯಾವ್ದು ಜಾಸ್ತಿದು ಹೇಳ್ರಿ, ಸರಿ ಹೇಳಿದ್ರ ಪಾಸ್‌ಪೋರ್ಟ್ ಫೋಟೋ ಪುಕ್ಕಟೆ" ಎನ್ನುತ್ತಾನಂತೆ. ನಿನ್ನೆ ಫೋನ್ ಮಾಡಿದ್ದ. ಈ ವಾರ ಒಂದು ಮದುವೆ ಗಟ್ಟಿಯಾಯಿತು, ಇನ್ನೊಂದು 45ರವನ ಪಾಲಾಯಿತು. ಕಳೆದುಹೋದ ಆ ಒಂದರ ಬೇಜಾರು ಅವನ ದನಿಯಲ್ಲಿತ್ತು. ಅದನ್ನು ವಾಪಸು ತರುವುದು ನನ್ನ ಕೈಯಲ್ಲಿಲ್ಲ, ಕೇಳುವವರ ಕೈಯಲ್ಲಿದೆ.

ನೀವು ಏನು ಕೇಳುತ್ತೀರಿ? ಬೈಯುವವರು ಈಗ ಬೈಯಬಹುದು. ಟೇಲರ್ ಕಾಕಾಗಳಿಗೆ ಮೊದಲ ಅವಕಾಶ :-)